ಪ್ಲೇಗಿನ ಕಾಯಿದೆ ಮಗ್ಗುಲು ಬದಲಿಸಿದ್ದು

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಮರುವರ್ಷ ಫೆಬ್ರವರಿಯಲ್ಲೇ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಇದ್ದುದು ನಾಲ್ಕೇ ಕಲಮು. ಕೊನೆಯದರ ಪ್ರಕಾರ, ಸದುದ್ದೇಶದಿಂದ ನಡೆದುಕೊಂಡ ಅಧಿಕಾರಿಯ ಮೇಲೆ ಯಾರೂ ದಾವೆ ಹೂಡುವಂತಿರಲಿಲ್ಲ. ಪುಣೆಯಲ್ಲಿ ರೋಗಿಗಳನ್ನು ಹುಡುಕುವ ನೆಪದಲ್ಲಿ ಸೈನಿಕರು ಅಡುಗೆಮನೆ, ದೇವರಮನೆಗಳಿಗೂ ನುಗ್ಗಿದರು. ಜನ ಕುದಿದುಹೋದರು. ಅಲ್ಲಿನ ಪ್ಲೇಗು ಸಮಿತಿಯ ಮುಖ್ಯಸ್ಥ ರ್‍ಯಾಂಡ್ ಮೇಲೆ 1897ರ ಜೂನ್ 22ರ ರಾತ್ರಿ ಚಾಪೇಕರ್ ಸೋದರರು ಗುಂಡು ಹಾರಿಸಿದರು.

ಅದೇ ಕಾಯಿದೆ 123 ವರ್ಷಗಳ ನಂತರ ಬೇರೊಂದು ಕಾರಣಕ್ಕೆ ತಿದ್ದುಪಡಿಯಾಯಿತು. ಕೋವಿಡ್ ಕಾಲದಲ್ಲಿ ಮನೆಬಾಗಿಲಿಗೆ ಬಂದವರು ಬಂದೂಕು ಹಿಡಿದ ಸೋಜರರಲ್ಲ, ಅಲ್ಪ ಗೌರವಧನಕ್ಕೆ ದುಡಿಯುವ ಆಶಾ ಕಾರ್ಯಕರ್ತೆಯರು. ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಅವರ ಮೇಲೂ ಕೈಮಾಡಲಾಯಿತು. ಚೆನ್ನೈಯಲ್ಲಿ ಸೋಂಕಿನಿಂದ ಸತ್ತ ವೈದ್ಯರೊಬ್ಬರ ಶವಸಂಸ್ಕಾರಕ್ಕೇ ಅಡ್ಡಿಯಾಯಿತು. 2020ರ ಏಪ್ರಿಲ್ 22ರಂದು ಸುಗ್ರೀವಾಜ್ಞೆ ಹೊರಟಿತು. ಸೆಪ್ಟೆಂಬರಿನಲ್ಲಿ ಸಂಸತ್ತು ಅದನ್ನು ಶಾಸನ ಮಾಡಿತು.

ಹಲ್ಲೆಗೆ 3 ತಿಂಗಳಿಂದ 5 ವರ್ಷದವರೆಗೆ ಸೆರೆ, ತೀವ್ರ ಗಾಯವಾದರೆ 6 ತಿಂಗಳಿಂದ 7 ವರ್ಷ, ಜೊತೆಗೆ 5 ಲಕ್ಷ ರೂಪಾಯಿವರೆಗೂ ದಂಡ. ಪ್ರಕರಣ ಜಾಮೀನುರಹಿತ, ತನಿಖೆ 30 ದಿನಗಳಲ್ಲಿ ಮುಗಿಯಬೇಕು. ನನಗೆ ಹೆಚ್ಚು ಮುಖ್ಯವೆನಿಸುವುದು 'ಹಿಂಸೆ' ಎಂಬ ಪದಕ್ಕೆ ಕೊಟ್ಟ ಅರ್ಥ. ಹೊಡೆತವಷ್ಟೇ ಅಲ್ಲ, ವಾಸಕ್ಕೂ ಕೆಲಸಕ್ಕೂ ತೊಡಕಾಗುವ ಕಿರುಕುಳವೂ ಅದರೊಳಗೆ ಬರುತ್ತದೆ. ನರ್ಸಮ್ಮನನ್ನು ಬಾಡಿಗೆ ಮನೆಯಿಂದ ಹೊರದಬ್ಬುವ ಮಾಲೀಕರನ್ನು ಹಳೆಯ ದಂಡ ಸಂಹಿತೆ ಹಿಡಿಯುವುದು ಕಷ್ಟವಿತ್ತು.

ಆದರೆ ಈ ರಕ್ಷಣೆ ಸಾಂಕ್ರಾಮಿಕ ಇರುವಷ್ಟು ಕಾಲ ಮಾತ್ರ. ಉಳಿದ ದಿನಗಳಲ್ಲಿ ನಮ್ಮ ರಾಜ್ಯದ ಆಸ್ಪತ್ರೆ ಸಿಬ್ಬಂದಿಗೆ 2009ರ ಕರ್ನಾಟಕ ಕಾಯಿದೆಯೊಂದಿದೆ. ಪೊಲೀಸರು, ಸರ್ಕಾರಿ ಅಗ್ನಿಶಾಮಕ ಸಿಬ್ಬಂದಿ ಸಾರ್ವಜನಿಕ ನೌಕರರಾದ್ದರಿಂದ, 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮು ಅವರ ಬೆನ್ನಿಗಿದೆ. ಕರ್ತವ್ಯಕ್ಕೆ ತಡೆಯೊಡ್ಡಲು ಕೈಮಾಡಿದರೆ 2 ವರ್ಷದವರೆಗೆ ಜೈಲು. ಖಾಸಗಿ ಆಂಬುಲೆನ್ಸಿನ ಚಾಲಕ ಸಾರ್ವಜನಿಕ ನೌಕರನಲ್ಲ. ಹಾಗಾಗಿ ಆ ಕಲಮು ಸಾಮಾನ್ಯವಾಗಿ ಅವನಿಗೆ ಸಿಗದು. ಅವನ ವಾಹನಕ್ಕೆ ದಾರಿ ಬಿಡದವರಿಗೆ ಮಾತ್ರ, 2019ರ ಮೋಟಾರು ವಾಹನ ತಿದ್ದುಪಡಿಯಂತೆ, 10,000 ರೂಪಾಯಿ ದಂಡವುಂಟು. ಆರು ತಿಂಗಳವರೆಗೆ ಸೆರೆಯೂ ಆಗಬಹುದು.