ಸರದಿಯಲ್ಲಿ ನಿಂತ ಸಂಸಾರಗಳು

ಮೈಸೂರಿನ ಸರಸ್ವತೀಪುರ, ಕುವೆಂಪುನಗರ, ಒಂಟಿಕೊಪ್ಪಲುಗಳಲ್ಲಿ ಮಕ್ಕಳನ್ನು ಅಮೆರಿಕಾ ದೇಶಕ್ಕೆ ಕಳುಹಿಸಿ, ದೊಡ್ಡ ಮನೆಯಲ್ಲಿ ತಾವಿಬ್ಬರೇ ಉಳಿದಿರುವ ವೃದ್ಧ ದಂಪತಿಗಳು ಈಗ ಅನೇಕರಿರುವರು. ಇಂಥವರು ಸಂಜೆಯ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಧಿಸಿದರೆ, ಕುಶಲಪ್ರಶ್ನೆ ಮುಗಿಯುತ್ತಲೇ ಬರುವ ಮಾತು, “ನಿಮ್ಮ ಹುಡುಗನ ಡೇಟು ಎಲ್ಲಿಗೆ ಬಂತು?” ಎಂಬುದು.

ಡೇಟು ಎಂದರೆ, ಮಗನಿಗೆ ಖಾಯಂ ವಾಸದ ಹಕ್ಕನ್ನು, ಎಂದರೆ ಗ್ರೀನ್ ಕಾರ್ಡನ್ನು, ದೊರಕಿಸಲು ಅವನಿಗೆ ಕೆಲಸ ಕೊಟ್ಟ ಕಂಪೆನಿಯು ಮೊದಲ ಕಾಗದವನ್ನು ಸಲ್ಲಿಸಿದ ದಿನ. ಯಾವ ದಿನದವರೆಗಿನ ಅರ್ಜಿದಾರರಿಗೆ ಸರದಿ ಬಂದಿದೆಯೆಂಬುದನ್ನು ಆ ಸರ್ಕಾರದವರು ತಿಂಗಳಿಗೊಮ್ಮೆ ಪ್ರಕಟಿಸುತ್ತಾರೆ. ನಮ್ಮ ಹಿರಿಯರು ಪಂಚಾಂಗದಷ್ಟೇ ಶ್ರದ್ಧೆಯಿಂದ ಆ ಪಟ್ಟಿಯನ್ನು ನೋಡುತ್ತಾರೆ.

“ಹತ್ತು ಹನ್ನೆರಡು ವರ್ಷವಾದರೂ ಒಂದು ಅರ್ಜಿ ಇತ್ಯರ್ಥವಾಗದೆಂದರೆ ಅದೆಂಥ ಕಚೇರಿ!” ಎಂದು ಅವರು ಬೇಸರಪಡುವುದು ಸಹಜವೇ. ಕೆಲವರಂತೂ ಮಗನೇ ಏನೋ ಉದಾಸೀನ ಮಾಡಿದನೆಂದು ಒಳಗೊಳಗೇ ಶಂಕಿಸುತ್ತಾರೆ. ಆದರೆ ಈ ವಿಳಂಬಕ್ಕೆ ಮುಖ್ಯ ಕಾರಣವು ಗುಮಾಸ್ತರ ಸೋಮಾರಿತನವೂ ಅಲ್ಲ, ಮಗನ ಉದಾಸೀನವೂ ಅಲ್ಲ. ಕಾನೂನಿನಲ್ಲಿ ಬರೆದಿಟ್ಟಿರುವ ಒಂದು ಲೆಕ್ಕ.

1946ರ ಜುಲೈ ತಿಂಗಳಲ್ಲಿ ಅಧ್ಯಕ್ಷ ಟ್ರೂಮನ್ನರು ರುಜು ಹಾಕಿದ ಕಾನೂನಿನಂತೆ ಇಂಡಿಯಾದಿಂದ ವರ್ಷಕ್ಕೆ ನೂರು ಜನರು ಮಾತ್ರ ಅಲ್ಲಿ ನೆಲಸಲು ಹೋಗಬಹುದಾಗಿತ್ತು. ಮೈಸೂರಿನಲ್ಲಿ ಹುಟ್ಟಿ ಮಹಾರಾಜಾ ಕಾಲೇಜಿನಲ್ಲಿ ಓದಿದ ಕವಿ ಎ. ಕೆ. ರಾಮಾನುಜನ್ನರು 1959ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ಹೋದಾಗಲೂ ನೂರರ ಲೆಕ್ಕವೇ ಜಾರಿಯಲ್ಲಿತ್ತು. 1965ರಲ್ಲಿ ಅದು ರದ್ದಾಯಿತು. ಈಗ ನಡೆಯುತ್ತಿರುವುದು 1990ರ ಕಾನೂನು. ಅದರ ಪ್ರಕಾರ ಉದ್ಯೋಗದ ಮೂಲಕ ವರ್ಷಕ್ಕೆ 1,40,000 ಜನರಿಗೆ ಖಾಯಂ ವಾಸದ ಹಕ್ಕು ದೊರೆಯುವುದು; ಯಾವ ಒಂದು ದೇಶದವರಿಗೂ ಇದರಲ್ಲಿ ನೂರಕ್ಕೆ ಏಳು ಪಾಲಿಗಿಂತ ಹೆಚ್ಚಾಗಿ ಸಲ್ಲತಕ್ಕುದಲ್ಲ. ಲೆಕ್ಕ ಹಾಕಿದರೆ 9,800 ಆಗುವುದು. ಬೇರೆಯವರು ಬಿಟ್ಟ ಸಂಖ್ಯೆಗಳು ಕೆಲವು ವರ್ಷ ನಮ್ಮವರಿಗೆ ಬಂದು ಸೇರುವುದುಂಟಾದರೂ, ಹೆಂಡತಿ ಮಕ್ಕಳೂ ಇದೇ ಲೆಕ್ಕಕ್ಕೆ ಸೇರಿದವರು. ಐಸ್‌ಲೆಂಡಿನಂಥ ಸಣ್ಣ ದ್ವೀಪಕ್ಕೂ ನೂರನಾಲ್ವತ್ತು ಕೋಟಿ ಜನರಿರುವ ನಮ್ಮ ದೇಶಕ್ಕೂ ಮಿತಿ ಒಂದೇ. ಇದನ್ನು ಸಮಾನತೆಯೆಂದು ಸಮರ್ಥಿಸುವವರಿದ್ದಾರೆ. ಮಿತಿಯನ್ನು ತೆಗೆದರೆ ಹಲವು ವರ್ಷ ಭಾರತೀಯರೇ ಎಲ್ಲವನ್ನೂ ಪಡೆದು ಉಳಿದವರು ಕಾಯಬೇಕಾದೀತೆಂಬ ಅವರ ಭಯವೂ ನಿರಾಧಾರವಲ್ಲ. ಆದರೂ ಒಂದೇ ಕಂಪೆನಿಯಲ್ಲಿ, ಒಂದೇ ಮೇಜಿನ ಎರಡು ಕಡೆ ಕುಳಿತವರಲ್ಲಿ ಒಬ್ಬನಿಗೆ ಎರಡು ವರ್ಷ, ಇನ್ನೊಬ್ಬನಿಗೆ ಅರ್ಧ ಆಯುಷ್ಯವೆಂಬುದನ್ನು ನ್ಯಾಯವೆನ್ನಲು ನನಗೆ ಮನಸ್ಸು ಬಾರದು.

ಇಲ್ಲಿ ಎಣಿಸುವುದು ಹುಟ್ಟಿದ ದೇಶವನ್ನು, ಪೌರತ್ವವನ್ನಲ್ಲ. ಇದರಿಂದ ಒಂದು ವಿನೋದವೂ ಉಂಟಾಗಿದೆ. ತಂದೆಯು ಮಸ್ಕತ್ತಿನಲ್ಲೋ ಕುವೈತಿನಲ್ಲೋ ಕೆಲಸದಲ್ಲಿದ್ದಾಗ ಅಲ್ಲಿ ಹುಟ್ಟಿದ ಹುಡುಗಿಯನ್ನು ಮದುವೆಯಾದವನು ಹೆಂಡತಿಯ ಜನ್ಮದೇಶದ ಸರದಿಯಲ್ಲಿ ನಿಲ್ಲಬಹುದು. ಜಾತಕದಲ್ಲಿ ಜನ್ಮಸ್ಥಳಕ್ಕೆ ಇಷ್ಟು ಬೆಲೆಯಿರುವುದೆಂದು ನಮ್ಮ ಜೋಯಿಸರೂ ಎಣಿಸಿರಲಾರರು!

ಸರದಿಯು ಮುಂದಕ್ಕೇ ಸಾಗುವುದೆಂಬ ಭರವಸೆಯೂ ಇಲ್ಲ. ಕೋವಿಡ್ ಕಾಲದಲ್ಲಿ ದೂತಾವಾಸಗಳು ಮುಚ್ಚಿದ್ದರಿಂದ ಬಂಧುವರ್ಗದವರಿಗೆ ಸಲ್ಲದೆ ಮಿಕ್ಕ ಸಂಖ್ಯೆಗಳು ಉದ್ಯೋಗವರ್ಗಕ್ಕೆ ಬಂದುವು. ಆಗ ಭಾರತೀಯರ ಎರಡನೆಯ ದರ್ಜೆಯ ಡೇಟು ಓಡೋಡಿ, 2022ರ ಸೆಪ್ಟೆಂಬರ್ ಪಟ್ಟಿಯಲ್ಲಿ 2014ರ ಡಿಸೆಂಬರ್ 1ಕ್ಕೆ ಮುಟ್ಟಿತ್ತು. ಮರುತಿಂಗಳ ಪಟ್ಟಿಯಲ್ಲಿ ಅದು 2012ರ ಏಪ್ರಿಲಿಗೂ, 2023ರಲ್ಲಿ 2011ರ ಜನವರಿಗೂ ಹಿಂದೆ ಸರಿಯಿತು. 2013ರಲ್ಲಿ ಕಾಗದ ಹಾಕಿದವನು ಬಾಗಿಲವರೆಗೆ ಹೋಗಿ ಹಿಂದಕ್ಕೆ ನೂಕಿಸಿಕೊಂಡಂತಾಯಿತು. ಇದಕ್ಕೂ ಮೊದಲು, 2021ರ ಸೆಪ್ಟೆಂಬರಿನಲ್ಲಿ ಮುಗಿದ ವರ್ಷದಲ್ಲಿ ಸುಮಾರು 66,000 ಸಂಖ್ಯೆಗಳು ಕಾಲಮಿತಿಯೊಳಗೆ ವಿನಿಯೋಗವಾಗದೆ ವ್ಯರ್ಥವಾಗಿದ್ದುವು. ಅದು ಮಾತ್ರ ಕಚೇರಿಯ ತಪ್ಪೇ ಸರಿ.

ಕಾಯುವವನ ಬಾಳು ಹೇಗಿರುವುದೆಂಬುದನ್ನು ಇಲ್ಲಿರುವವರು ಅರಿಯುವುದು ಅಗತ್ಯ. ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಅವನಿಗೆ ಹೆಚ್ಚೆಂದರೆ 60 ದಿನಗಳ ಅವಕಾಶ. ಪಾಸ್‌ಪೋರ್ಟಿನಲ್ಲಿರುವ ವೀಸಾದ ಅವಧಿ ತೀರಿದ್ದರೆ, ಊರಿಗೆ ಬಂದವನು ಸಾಮಾನ್ಯವಾಗಿ ದೂತಾವಾಸದಲ್ಲಿ ಹೊಸ ಮುದ್ರೆ ಪಡೆಯದೆ ಹಿಂದಿರುಗುವಂತಿಲ್ಲ. ಮುದ್ರೆ ತಡವಾದರೆ ಅಲ್ಲಿಯ ಕೆಲಸವೂ ಮನೆಯ ಸಾಲವೂ ಅತಂತ್ರ. ತಂದೆಗೆ ಕಾಯಿಲೆಯೆಂದು ಫೋನು ಬಂದಾಗ ಮಗನು ತಡವರಿಸಿದರೆ ಅದು ನಿರ್ದಯವಲ್ಲ, ಈ ಭಯ. ಕೈಹಿಡಿದು ಕರೆದೊಯ್ದ ಮಗುವಿಗೆ ಕಾನೂನಿನ ಲೆಕ್ಕದಲ್ಲಿ 21 ವರ್ಷ ತುಂಬಿದರೆ ಅದು ತಂದೆಯ ಅರ್ಜಿಯಿಂದ ಬೇರ್ಪಡುವುದು. ಕನ್ನಡವನ್ನೂ ಸರಿಯಾಗಿ ಕಲಿಯದ ಆ ಮಗು ಅಲ್ಲಿಯೂ ಪರದೇಶಿಯೇ.

ಪ್ರತಿಭಟನೆ ನಡೆಯಲಿಲ್ಲವೆಂದಲ್ಲ. 2007ರಲ್ಲಿ, ಜುಲೈ ತಿಂಗಳಿನಲ್ಲಿ ಎಲ್ಲರೂ ಅರ್ಜಿ ಹಾಕಬಹುದೆಂದು ಪ್ರಕಟಿಸಿದ ಸರ್ಕಾರದವರು ಜುಲೈ 2ರಂದು ಮಾತನ್ನು ಹಿಂತೆಗೆದುಕೊಂಡರು. ಆಗ ನಮ್ಮವರು ಬೈಯಲಿಲ್ಲ. 2006ರ ಒಂದು ಹಿಂದೀ ಚಲಚ್ಚಿತ್ರವು ಪ್ರಚುರಪಡಿಸಿದ “ಗಾಂಧಿಗಿರಿ”ಯನ್ನು ಅನುಸರಿಸಿ ಆ ಇಲಾಖೆಯ ಮುಖ್ಯಾಧಿಕಾರಿಗೆ ರಾಶಿ ರಾಶಿ ಹೂಗುಚ್ಛಗಳನ್ನು ಕಳುಹಿಸಿದರು. ಅವರು ಆ ಹೂಗಳನ್ನು ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಕೊಡಿಸಿದರು. ಜುಲೈ 17ರಂದು ಸರ್ಕಾರವು ಮನಸ್ಸು ಬದಲಿಸಿ ಒಂದು ತಿಂಗಳ ಅವಕಾಶ ನೀಡಿತು. ದೇಶವಾರು ಮಿತಿಯನ್ನೇ ತೆಗೆಯುವ ಮಸೂದೆಯು 2019ರ ಜುಲೈನಲ್ಲಿ ಕೆಳಮನೆಯಲ್ಲಿ 365 ಮತಗಳಿಂದ ಅಂಗೀಕೃತವಾಯಿತು. 2020ರ ಡಿಸೆಂಬರಿನಲ್ಲಿ ಮೇಲ್ಮನೆಯು ಬೇರೆ ರೂಪದಲ್ಲಿ ಒಪ್ಪಿತು. ಎರಡನ್ನೂ ಹೊಂದಿಸುವುದರೊಳಗಾಗಿ ಸಭೆಯ ಅವಧಿಯೇ ಮುಗಿದುಹೋಯಿತು.

ಮೈಸೂರಿನಲ್ಲಿರುವವರು ಮಾಡಬಹುದಾದ ಕೆಲಸವೊಂದುಂಟು. ಸರದಿ ಬಂದಾಗ ಜನನ ಪ್ರಮಾಣಪತ್ರ ಬೇಕಾಗುವುದು. ಹಿಂದೆ ನಾಮಕರಣಕ್ಕೆ ಮೊದಲೇ ಜನನವನ್ನು ಬರೆಯಿಸುತ್ತಿದ್ದುದರಿಂದ ಹಲವು ಹಳೆಯ ಪತ್ರಗಳಲ್ಲಿ ಮಗುವಿನ ಹೆಸರೇ ಇಲ್ಲ. ನಗರಪಾಲಿಕೆಯಲ್ಲಿ ವಿಚಾರಿಸಿ ಹೆಸರನ್ನು ಸೇರಿಸಿಸಿಕೊಳ್ಳುವುದು ಒಳ್ಳೆಯದು. ದಾಖಲೆಯೇ ಸಿಕ್ಕದಿದ್ದರೆ ಶಾಲೆಯ ಪತ್ರಗಳೊಂದಿಗೆ, ಆ ಜನನವನ್ನು ಸ್ವತಃ ಬಲ್ಲ ಇಬ್ಬರು ಹಿರಿಯರ ಪ್ರಮಾಣಪೂರ್ವಕ ಹೇಳಿಕೆಯನ್ನು ಕೇಳುತ್ತಾರೆ. ಬಾಣಂತಿಯ ಕೋಣೆಯಲ್ಲಿದ್ದ ಅತ್ತೆಯೋ ಸೋದರಮಾವನೋ ಇಂದು ಎಂಬತ್ತು ದಾಟಿದವರು. ಹೇಳಿಕೆಯನ್ನು ಈ ವರ್ಷವೇ ಬರೆಸಿ, ನೋಟರಿಯ ಮುಂದೆ ರುಜು ಮಾಡಿಸಿ, ಪೆಟ್ಟಿಗೆಯಲ್ಲಿಡಿ.