ಬೈಗುಳಕ್ಕೆ ವಿಷಲ್ ಊದೋರು ಯಾರು?

ಶಾಲಾ ಮಕ್ಕಳ ಬಾಸ್ಕೆಟ್‌ಬಾಲ್ ಪಂದ್ಯಕ್ಕೆ ಹೋಗಿ ನೋಡಿ. ಚೆಂಡು ಕಣ್ಣಿಗೆ ಬೀಳುವ ಮುಂಚೆ ಕೋಚ್ ಸಾಹೇಬರ ಗಂಟಲು ಕಿವಿಗೆ ಬೀಳುತ್ತದೆ. "ಲೇ ದಂಡಪಿಂಡ, ಪಾಸ್ ಕೊಡೋ! ನಿಮ್ಮಪ್ಪ ಅನ್ನ ಹಾಕ್ತಾನೋ ಮಣ್ಣು ಹಾಕ್ತಾನೋ?" ಹದಿಮೂರರ ಹುಡುಗ ತಲೆ ತಗ್ಗಿಸುತ್ತಾನೆ. ಮುಂದಿನ ಪಾಸು ನೆಟ್ಟಗೆ ಎದುರಾಳಿಯ ಕೈಗೆ! ಮತ್ತೆ ಬೈಗುಳ. ಸುತ್ತ ನಿಂತವರಿಗೆ ನಗು. ಹೆತ್ತವರು ಬಂದಿದ್ದರೆ ಅವರೂ "ಮೇಷ್ಟ್ರು ಒಳ್ಳೇದಕ್ಕೇ ಬೈತಾರೆ" ಅಂತ ಸುಮ್ಮನೆ ನಿಂತಿರುತ್ತಾರೆ.

ಇದನ್ನೆಲ್ಲ ಕಣ್ಣಾರೆ ಕಾಣುತ್ತ ಅಂಕಣದಲ್ಲೇ ಓಡಾಡುವವನು ರೆಫರಿ. ಅವನ ಪಾಡೂ ಸ್ವಲ್ಪ ಕೇಳಿ.

ಈ ಆಟ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಹುಟ್ಟಿಸಿದ ಜೇಮ್ಸ್ ನೈಸ್ಮಿತ್ ಕೂಡ ವ್ಯಾಯಾಮದ ಮೇಷ್ಟ್ರೇ. ಅವರು ಬರೆದ 13 ನಿಯಮಗಳಲ್ಲಿ ಚೆಂಡಿನ ತೀರ್ಪಿಗೆ ರೆಫರಿ, ಆಡುವವರ ತಪ್ಪಿಗೆ ಅಂಪೈರ್ ಅಂತ ಇಬ್ಬರಿದ್ದರು. ಕೋಚ್ ಎಂಬವರ ಸುದ್ದಿಯೇ ಅದರಲ್ಲಿಲ್ಲ!

ಈಗಿನ ಅಂತಾರಾಷ್ಟ್ರೀಯ ಸಂಸ್ಥೆ ಫೀಬಾದ ನಿಯಮದಲ್ಲಿ ಕೋಚ್‌ಗೂ ಮೂಗುದಾರ ಉಂಟು. ರೆಫರಿಗೋ ಎದುರಾಳಿಗೋ ಅಮರ್ಯಾದೆ ಮಾಡಿದರೆ, ಪ್ರೇಕ್ಷಕರಿಗೆ ನೋವಾಗುವ ಮಾತಾಡಿದರೆ ಟೆಕ್ನಿಕಲ್ ಫೌಲ್. ರೆಫರಿ ಎರಡೂ ಕೈ ಸೇರಿಸಿ 'ಟಿ' ಅಕ್ಷರ ತೋರಿಸುತ್ತಾನೆ. ಎದುರು ತಂಡಕ್ಕೆ ಒಂದು ಫ್ರೀ ಥ್ರೋ. ಸ್ವಂತ ದುರ್ನಡತೆಗೆ ಎರಡು ಸಲ ಹೀಗೆ ಆದರೆ ಕೋಚ್ ಹೊರಗೆ ನಡೆಯಬೇಕು.

ರೆಫರಿಯನ್ನು ಬೈದರೆ ಕೇಸು ಸಲೀಸು. ತನ್ನದೇ ಹುಡುಗನನ್ನು ಬೈದರೆ? ಅಲ್ಲೇ ಕಗ್ಗಂಟು. "ನನ್ ಹುಡ್ಗ, ನಾನ್ ಬೈತೀನಿ, ನಿಮಗೇನ್ರೀ?" ಎನ್ನುತ್ತಾರೆ. ಅಷ್ಟೇ ಅಲ್ಲ. ಬೈದವರು ಕೋಚು, ದಂಡ ಬೀಳೋದು ಬೈಸಿಕೊಂಡ ಹುಡುಗನ ತಂಡಕ್ಕೆ! ಆ ಒಂದು ಪಾಯಿಂಟಿನಲ್ಲೇ ಪಂದ್ಯ ಸೋತರೆ ವಾಪಸು ಬಸ್ಸಿನಲ್ಲಿ ಅವನ ಗತಿ ಏನು? ಇದನ್ನು ಯೋಚಿಸಿಯೇ ಎಷ್ಟೋ ರೆಫರಿಗಳು ವಿಷಲ್ ಬಾಯಲ್ಲಿಟ್ಟುಕೊಂಡೇ ಸುಮ್ಮನಾಗುತ್ತಾರೆ. ಆದರೆ ಸುಮ್ಮನಿದ್ದರೆ ಬೈಗುಳ ನಿಲ್ಲುತ್ತದೆಯೇ? ಪ್ರೇಕ್ಷಕರಿಗೆ ನೋವಾಗುವ ಮಾತು ಎಂಬ ಕಲಮೊಂದೇ ಸಾಕು ಸ್ವಾಮಿ. ಹುಡುಗನ ತಾಯಿಯೂ ಪ್ರೇಕ್ಷಕಳೇ ತಾನೆ?

ಗಂಟಲು ದೊಡ್ಡದಾದ ಮಾತ್ರಕ್ಕೆ ಕೋಚ್ ಕೆಟ್ಟವರಲ್ಲ ಅನ್ನಿ. 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕಾದ ಆಟ. "ಹಿಂದೆ ಓಡು, ಕೈ ಎತ್ತು" ಅಂತ ಪಿಸುಗುಟ್ಟಲು ಆಗುತ್ತದೆಯೇ? ಬೆಳಗಿನ ಜಾವ ಎದ್ದು, ಸಂಬಳವಿಲ್ಲದೆ ಕಲಿಸುವವರೂ ಇವರೇ. ಆದರೆ ಹುಡುಗನ ಅಪ್ಪ, ಜಾತಿ, ಮೈಬಣ್ಣ ಎಳೆದು ತಂದರೆ ಅದು ಕೋಚಿಂಗ್ ಅಲ್ಲ.

ಪಳಗಿದ ರೆಫರಿ ಮಾಡುವುದೇ ಬೇರೆ. ಮೊದಲ ಕ್ವಾರ್ಟರ್‌ನಲ್ಲೇ, ಆಟ ನಿಂತ ಗಳಿಗೆ ನೋಡಿ, ಬೆಂಚಿನ ಹತ್ತಿರ ಹೋಗಿ ಮೆಲ್ಲಗೆ, "ಸಾರ್, ಸಾಕು. ಇನ್ನೊಂದು ಮಾತು ಬಂದ್ರೆ ಬರೀಬೇಕಾಗುತ್ತೆ" ಅನ್ನುತ್ತಾನೆ. ನಾಲ್ಕು ಜನರೆದುರು ಕೂಗಿ ಹೇಳಿದರೆ ಕೋಚ್‌ಗೆ ಮಾನದ ಪ್ರಶ್ನೆ, ಬೆಂಕಿಗೆ ಸೀಮೆಎಣ್ಣೆ ಸುರಿದ ಹಾಗೆ. ಎರಡನೇ ಸಲ ಮಾತಿಲ್ಲ, 'ಟಿ' ಒಂದೇ. ವಾದಕ್ಕೂ ನಿಲ್ಲುವುದಿಲ್ಲ, ತಿರುಗಿ ನಡೆಯುತ್ತಾನೆ. ಪಂದ್ಯ ಮುಗಿದ ಮೇಲೆ ಸಂಘಟಕರಿಗೆ ಬರವಣಿಗೆಯಲ್ಲಿ ತಿಳಿಸುತ್ತಾನೆ.

ಹುಡುಗನ ಮೇಲೆ ಕೈ ಮಾಡಿದರಂತೂ ಎಚ್ಚರಿಕೆಯ ಪ್ರಶ್ನೆಯೇ ಇಲ್ಲ, ಸೀದಾ ಹೊರಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡೂ ಕೂಡದು ಎನ್ನುತ್ತದೆ. ಮೈದಾನದಲ್ಲಿದ್ದಾಗ ಅವನು ಶಾಲೆಯ ಹುಡುಗ ಅಲ್ಲವೇ?

ಇಷ್ಟೆಲ್ಲ ಗೊತ್ತಿದ್ದೂ ನಮ್ಮಂಥ ಊರುಗಳಲ್ಲಿ ವಿಷಲ್ ಊದುವವನು ಹೆಚ್ಚಾಗಿ ಕಾಲೇಜು ಹುಡುಗ. ಎದುರಿಗೆ ಕೂಗಾಡುವವರು ಅವನಿಗೇ ಚೆಂಡು ಹಿಡಿಯಲು ಕಲಿಸಿದ ಗುರುಗಳು! ಅವರಿಗೆ 'ಟಿ' ತೋರಿಸಲು ಕೈ ಎದ್ದೀತೇ? ಸಂಘಟಕರೇ, ರೆಫರಿಗಳ ಪಟ್ಟಿ ಬರೆಯುವಾಗ ಗುರುವಿನ ಪಂದ್ಯಕ್ಕೆ ಶಿಷ್ಯನನ್ನು ಹಾಕಬೇಡಿ. ಪಕ್ಕದ ತಾಲೂಕಿನಿಂದ ಒಬ್ಬರನ್ನು ಕರೆಸಿ. ಬಸ್ ಚಾರ್ಜು ಎಷ್ಟು ಮಹಾ ಆದೀತು?