ಮಂತ್ರದ ಐದು ಅಂಗಗಳೂ ನ್ಯಾಯಾಲಯದ ಯಂತ್ರಾನುವಾದವೂ

ನ್ಯಾಯಾಸ್ಥಾನಗಳಲ್ಲಿ ಯಂತ್ರಸಾಧನಗಳ ಬಳಕೆಯು ದಿನೇ ದಿನೇ ಹೆಚ್ಚುತ್ತಿರುವುದು ವಾಚಕರಿಗೆ ವಿದಿತವೇ ಆಗಿದೆ. 2019ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಗ್ಲಿಷ್ ತೀರ್ಪುಗಳನ್ನು ಕನ್ನಡವೂ ಸೇರಿದಂತೆ ಒಂಬತ್ತು ದೇಶಭಾಷೆಗಳಿಗೆ ಪರಿವರ್ತಿಸುವ ‘ಸುವಾಸ್’ ಎಂಬ ತಂತ್ರಾಂಶವನ್ನು ಬಳಕೆಗೆ ತಂದಿತು. 2023ರಲ್ಲಿ ಕೇಂದ್ರ ಸರಕಾರವು ಇ-ಕೋರ್ಟ್ ಯೋಜನೆಯ ಮೂರನೆಯ ಘಟ್ಟಕ್ಕೆ 7,210 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದಾಗ, ಕೃತಕ ಬುದ್ಧಿಮತ್ತೆಯೇ ಮೊದಲಾದ ನೂತನ ತಂತ್ರಗಳಿಗೆಂದು ಅದರಲ್ಲಿ 53.57 ಕೋಟಿ ನಿಗದಿಯಾಯಿತು. ಇಂತಹ ಸಾಧನವನ್ನು ಸ್ವೀಕರಿಸುವವರು ಮೊದಲು ಪರೀಕ್ಷಿಸತಕ್ಕುದೇನು ಎಂಬುದೇ ಇಲ್ಲಿನ ವಿಚಾರ.

ಈಗಿನ ಆಡಳಿತಶಾಸ್ತ್ರಜ್ಞರು ಕಾರ್ಯಕ್ಕೆ ತೊಡಗುವ ಮುನ್ನ ಬಲ, ದೌರ್ಬಲ್ಯ, ಅವಕಾಶ, ಅಪಾಯ ಎಂಬ ನಾಲ್ಕನ್ನು ಎಣಿಸುವರು. 1909ರಲ್ಲಿ ಮೈಸೂರಿನ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದಲ್ಲಿ ಮಂತ್ರಾಲೋಚನೆಗೆ ಐದು ಅಂಗಗಳು ಹೇಳಲ್ಪಟ್ಟಿವೆ: ಕಾರ್ಯಾರಂಭದ ಉಪಾಯ, ಪುರುಷದ್ರವ್ಯಸಂಪತ್ತು, ದೇಶಕಾಲವಿಭಾಗ, ವಿನಿಪಾತಪ್ರತೀಕಾರ, ಕಾರ್ಯಸಿದ್ಧಿ. ಇವನ್ನು ಪ್ರಕೃತ ವಿಷಯಕ್ಕೆ ಅನ್ವಯಿಸಿ ನೋಡೋಣ.

ಆರಂಭೋಪಾಯವೆಂದರೆ ಯಾವ ಕಾಗದಗಳನ್ನು ಮೊದಲು ಯಂತ್ರಕ್ಕೊಪ್ಪಿಸಬೇಕೆಂಬ ನಿಶ್ಚಯ. ದಿನಾಂಕಪಟ್ಟಿಯಲ್ಲಿ ತಪ್ಪಿದರೆ ತಿದ್ದಿಕೊಳ್ಳಬಹುದು; ತೀರ್ಪಿನ ಆಜ್ಞಾಭಾಗದಲ್ಲಿ ತಪ್ಪಿದರೆ ಮನೆಮಠಗಳೇ ಹೋದಾವು. ಎರಡನೆಯ ಅಂಗದಲ್ಲಿ ದ್ರವ್ಯಕ್ಕಿಂತ ಪುರುಷನೇ ಮುಖ್ಯ. ‘ಲೀವ್ ಗ್ರಾಂಟೆಡ್’ ಎಂಬುದಕ್ಕೆ ನ್ಯಾಯಾಲಯದಲ್ಲಿ ಮೇಲ್ಮನವಿಗೆ ಅನುಮತಿ ದೊರೆಯಿತೆಂದು ಅರ್ಥ. ಪ್ರಕರಣವನ್ನರಿಯದೆ ಪದಕ್ಕೆ ಪದವಿಟ್ಟರೆ ‘ರಜೆ ಮಂಜೂರಾಯಿತು’ ಎಂದಾಗುವುದು. ಶ್ಲಿಷ್ಟಪದದ ಅರ್ಥವನ್ನು ಪ್ರಕರಣದಿಂದಲೇ ನಿರ್ಣಯಿಸತಕ್ಕುದೆಂಬುದು ಶಾಸ್ತ್ರಸಂಪ್ರದಾಯ. ಆದಕಾರಣ ಎರಡು ಭಾಷೆಗಳನ್ನೂ ವ್ಯವಹಾರಶಾಸ್ತ್ರವನ್ನೂ ಬಲ್ಲ ಪರಿಶೋಧಕನಿಲ್ಲದೆ ಯಂತ್ರವು ಅಪೂರ್ಣವೇ ಸರಿ.

ದೇಶಕಾಲವಿಭಾಗವನ್ನು ನೋಡಿದರೆ, ನಮ್ಮ ಕೆಳಗಿನ ನ್ಯಾಯಾಲಯಗಳಲ್ಲಿ ಸಾಕ್ಷ್ಯವು ಬಹುಮಟ್ಟಿಗೆ ಕನ್ನಡದಲ್ಲಿರುವುದು. ಸಂವಿಧಾನದ 348ನೆಯ ಅನುಚ್ಛೇದದಂತೆ ಉಚ್ಚ ನ್ಯಾಯಾಲಯದ ತೀರ್ಪು ಇಂಗ್ಲಿಷಿನಲ್ಲಿರುವುದು. ಸಾಕ್ಷ್ಯವು ಮೇಲಕ್ಕೇರುವಾಗಲೂ ತೀರ್ಪು ಕೆಳಕ್ಕಿಳಿಯುವಾಗಲೂ ಭಾಷಾಂತರ ಬೇಕು. ಇವೆರಡರಲ್ಲಿ ಏರುವಾಗಿನ ದೋಷವೇ ಹೆಚ್ಚು ಭಯಾವಹವೆಂದು ನನಗೆ ತೋರುತ್ತದೆ. ಏಕೆಂದರೆ ಅದು ತೀರ್ಪಿನ ಒಳಕ್ಕೇ ಸೇರಿಹೋಗುವುದು.

ನಾಲ್ಕನೆಯ ಅಂಗವೇ ಎಲ್ಲಕ್ಕೂ ಪ್ರಧಾನವಾದುದು. ಭಾಷಾಂತರವು ಕಕ್ಷಿಗಾರನ ತಿಳಿವಳಿಕೆಗೆ ಮಾತ್ರ, ಇಂಗ್ಲಿಷ್ ಪಾಠವೇ ಪ್ರಮಾಣ ಎಂಬ ಸೂಚನೆಯನ್ನು ಸರ್ವೋಚ್ಚ ನ್ಯಾಯಾಲಯದ ಭಾಷಾಂತರಗಳಲ್ಲಿ ಮುದ್ರಿಸಿರುತ್ತಾರೆ. ಇದು ನ್ಯಾಯಾಲಯಕ್ಕೆ ರಕ್ಷೆಯಾದೀತು. ಆದರೆ ಇಂಗ್ಲಿಷನ್ನರಿಯದ ರೈತನು ತಪ್ಪು ಭಾಷಾಂತರವನ್ನು ನಂಬಿ ಮೇಲ್ಮನವಿಯ ಅವಧಿಯನ್ನು ಕಳೆದುಕೊಂಡರೆ ಅವನಿಗೆ ಪ್ರತೀಕಾರವೇನು? ದೋಷವನ್ನು ಯಾರಿಗೆ ಅರಿಕೆ ಮಾಡಬೇಕು, ಎಷ್ಟು ದಿನಗಳೊಳಗೆ ತಿದ್ದಬೇಕು, ಕಳೆದ ಕಾಲವನ್ನು ಮನ್ನಿಸುವುದು ಹೇಗೆ ಎಂಬ ನಿಯಮಗಳು ಯಂತ್ರದ ಜೊತೆಯಲ್ಲಿಯೇ ಹುಟ್ಟಬೇಕು.

ಇನ್ನು ಕಾರ್ಯಸಿದ್ಧಿ. ಇಷ್ಟು ಸಾವಿರ ಪುಟಗಳು ಭಾಷಾಂತರವಾದುವೆಂಬ ಎಣಿಕೆ ಸಿದ್ಧಿಯಲ್ಲ. ತನ್ನ ವ್ಯಾಜ್ಯದಲ್ಲಿ ಏನು ತೀರ್ಮಾನವಾಯಿತೆಂಬುದನ್ನು ಕಕ್ಷಿಗಾರನು ಅನ್ಯರ ಬಾಯಿ ನೋಡದೆ ತಾನೇ ಓದಿ ತಿಳಿಯುವಂತಾದರೆ, ಅದೇ ಸಿದ್ಧಿ.